ಸಾಧನೆಗಳ ವಿವರ ಕಳುಹಿಸುವವರ ಗಮನಕ್ಕೆ

ಆತ್ಮೀಯ ಸದಸ್ಯರೇ,

ನಮ್ಮ ವಿಶ್ವವಿದ್ಯಾಲಯದ ಸಂಗೀತ ವಿಭಾಗದ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಹಳೆಯ ವಿದ್ಯಾರ್ಥಿಗಳ ಇತ್ತೀಚಿನ ಸಾಧನೆಗಳನ್ನು ಒಂದೆಡೆ ದಾಖಲಿಸುತ್ತಿರುವುದರಿಂದ, ವಿವರ ಕಳುಹಿಸುವವರು ಕಾರ್ಯಕ್ರಮದ ದಿನಾಂಕ, ಪ್ರಸ್ತುತಪಡಿಸಿದ ಕೃತಿ, ಅದರ ರಚನಕಾರರು ಹಾಗೂ ಅದರಲ್ಲಿ ತಮ್ಮ ಪಾತ್ರವನ್ನು ಸ್ಪಷ್ಟವಾಗಿ ಬರೆಯಬೇಕೆಂದು ಕೋರುತ್ತೇನೆ. ಅಂತಿಮ ಸುತ್ತಿಗೆ ಆಯ್ಕೆಯಾದದ್ದನ್ನು ಬಹುಮಾನವೆಂದು ಬರೆಯುವುದು ಬೇಡ. ಆ ಆಯ್ಕೆಯೇ ಹೆಮ್ಮೆಯ ಸಂಗತಿ. ಪಕ್ಕವಾದ್ಯ ನುಡಿಸಿದವರ ಹೆಸರು ಬಿಟ್ಟುಹೋದಾಗಲೆಲ್ಲ ನನಗೆ ಬೇಸರವಾಗುತ್ತದೆ, ಆದ್ದರಿಂದ ಅದನ್ನು ತಪ್ಪದೆ ಸೇರಿಸಿರಿ.

ಇನ್ನೂ ಕಲಿಯುತ್ತಿದ್ದೇವೆಂಬ ಕಾರಣಕ್ಕೆ ವಿದ್ಯಾರ್ಥಿಗಳು ಸಂಕೋಚಪಡಬಾರದು. ಅಮೆರಿಕದಲ್ಲಿ 1943ರಿಂದ ನೀಡಲಾಗುತ್ತಿರುವ ಪುಲಿಟ್ಜರ್ ಸಂಗೀತ ಪ್ರಶಸ್ತಿಯನ್ನು 2013ರಲ್ಲಿ ಪಡೆದಾಗ ಅಲ್ಲಿನ ಸಂಗೀತ ರಚನಕಾರ್ತಿ ಕ್ಯಾರೊಲಿನ್ ಶಾ ಅವರಿಗೆ 30 ವರ್ಷ. ಅವರು ಆಗ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಅಧ್ಯಯನ ಮಾಡುತ್ತಿದ್ದರು, ಮತ್ತು ಪ್ರಶಸ್ತಿ ತಂದುಕೊಟ್ಟ, ಎಂಟು ಕಂಠಗಳಿಗಾಗಿ ಹೆಣೆದ ಕೃತಿಯನ್ನು ತಾವೇ ಸದಸ್ಯೆಯಾಗಿದ್ದ ಗಾಯನ ತಂಡಕ್ಕಾಗಿ ರಚಿಸಿದ್ದರು. ಸಹಪಾಠಿಗಳಿಗಾಗಿ ನೀವು ಬರೆದ ರಚನೆಯೂ ಇಲ್ಲಿ ದಾಖಲಾಗಲಿ.

ಅಧ್ಯಾಪಕರು ಸಂಶೋಧನಾ ಲೇಖನ, ಧ್ವನಿಮುದ್ರಣಗಳ ವಿವರವನ್ನೂ, ಹಳೆಯ ವಿದ್ಯಾರ್ಥಿಗಳು ವೇದಿಕೆಯ ಸಾಧನೆಯೊಂದಿಗೆ ಶಾಲೆಗಳಲ್ಲಿ ಮಾಡುತ್ತಿರುವ ಬೋಧನೆಯ ವಿವರವನ್ನೂ ಕಳುಹಿಸಬೇಕು. ಇತರರಿರುವ ಛಾಯಾಚಿತ್ರ ಅಥವಾ ವಿಡಿಯೊವನ್ನು ಅವರ ಒಪ್ಪಿಗೆ ಪಡೆದ ನಂತರವೇ ಹಂಚಿಕೊಳ್ಳಿರಿ.