ಕಗ್ಗ ಭತ್ತದ ಪ್ರಸಂಗಕ್ಕೆ ನಿಮ್ಮ ಮಾತು ಬೇಕು

ಮಾನ್ಯ ಪೋಷಕರೇ,

ನಮಸ್ಕಾರ. ಬರುವ ಫೆಬ್ರವರಿ 2, ವಿಶ್ವ ಜೌಗು ಪ್ರದೇಶಗಳ ದಿನ. ಅಂದು ಸಂಜೆ ನಮ್ಮ ಮಕ್ಕಳು ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ಕುರಿತು ತಾವೇ ಕಟ್ಟಿದ ಯಕ್ಷಗಾನ ಆಡಲಿದ್ದಾರೆ. ಆಟ ನೋಡಲು ನೀವೆಲ್ಲ ಬಂದೇ ಬರುತ್ತೀರಿ. ಅದಕ್ಕೂ ಮೊದಲು, ಪ್ರಸಂಗ ಕಟ್ಟುವಾಗಲೇ ನಿಮ್ಮ ನೆರವು ಬೇಕಾಗಿದೆ.

ನಮ್ಮ ಅಳಿವೆಗೆ 2024ರಲ್ಲಿ ರಾಮ್ಸಾರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶದ ಮನ್ನಣೆ ಸಿಕ್ಕಿದ್ದು, ಅದರ ವಿಸ್ತೀರ್ಣ 4,801 ಹೆಕ್ಟೇರ್ ಎಂಬುದು ಮಕ್ಕಳಿಗೆ ಬಾಯಿಪಾಠವಾಗಿದೆ. ಆದರೆ ಗಜನಿಯ (ಅಳಿವೆಯಂಚಿನ ಉಪ್ಪುನೀರಿನ ಗದ್ದೆಯ) ಕಟ್ಟೆ ಒಡೆದ ವರ್ಷ ಮನೆಯಲ್ಲಿ ಏನಾಗುತ್ತದೆ, ಯಾವ ಇಳಿತಕ್ಕೆ ಬಳಚು (ಕೆಸರಿನ ಚಿಪ್ಪುಜೀವಿ) ಹೆಕ್ಕಲು ಹೋಗಬೇಕು ಎಂಬುದನ್ನು ನೀವೇ ಹೇಳಿಕೊಡಬೇಕು.

ಕಗ್ಗವೇ ನಾಯಕನಾಗಬೇಕೆಂದು ಏಳನೆಯ ತರಗತಿಯವರು ಹಟ ಹಿಡಿದರು. ನನಗೂ ಅದೇ ಸರಿ ಎನಿಸಿತು. ಉಪ್ಪುನೀರು ನುಗ್ಗಿದರೂ ತಲೆಯೆತ್ತಿ ನಿಲ್ಲುವ, ಗೊಬ್ಬರ ಕೇಳದ ಭತ್ತ ಅದು. ಕೊಯ್ಲಾದ ಮೇಲೆ ಅದರ ಕೂಳೆಯ ನಡುವೆಯೇ ಸಿಗಡಿ, ಮೀನು ಬೆಳೆಯುತ್ತವೆ. ಅಂಥವನಿಗೆ ಭರ್ಜರಿ ಒಡ್ಡೋಲಗವೇ ಸಲ್ಲಬೇಕು. ಎಷ್ಟೋ ಗಜನಿಗಳು ಇಂದು ಹಡಿಲು ಬಿದ್ದಿರುವುದು ನನಗೆ ನಿಜಕ್ಕೂ ಸಂಕಟದ ಸಂಗತಿ.

ಆಗಸ್ಟ್‌ನಲ್ಲಿ ಮಳೆ ಬಿಟ್ಟ ಒಂದು ದಿನ ಚಿತ್ರಕಲೆಯ ತರಗತಿಯನ್ನು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಪಕ್ಕದಲ್ಲೇ ನಡೆಸಿದೆವು. ಮರದಲ್ಲೇ ಮೊಳೆತು ನುಗ್ಗೆಕಾಯಿಯಂತೆ ಜೋತುಬಿದ್ದಿದ್ದ ಮೊಳಕೆಯೊಂದು ಕೆಸರಿಗೆ ಬಿದ್ದು ನೆಟ್ಟಗೆ ನಿಂತದ್ದನ್ನು ಮಕ್ಕಳು ಕಣ್ಣಾರೆ ಕಂಡರು. ಆ ದಿನದ ಚಿತ್ರಗಳಲ್ಲಿ ಬೇರಿನ ಸಂದಿಯ ಏಡಿಗಳೂ ಇವೆ. ಪುಸ್ತಕ ನೋಡಿ ಬರೆದವುಗಳಲ್ಲಿ ಒಂದೂ ಇರಲಿಲ್ಲ.

ಶನಿವಾರ ಮಧ್ಯಾಹ್ನದ ಅಭ್ಯಾಸಕ್ಕೆ ಬನ್ನಿ. ಕಗ್ಗ ಬಿತ್ತಿದವರು, ಬಲೆ ಬೀಸಿದವರು ಪಕ್ಕದಲ್ಲಿ ಕುಳಿತು ಮಕ್ಕಳ ಅರ್ಥಗಾರಿಕೆಯನ್ನು ತಿದ್ದಬೇಕು. ಪದ್ಮಶ್ರೀ ಸುಕ್ರಿ ಬೊಮ್ಮಗೌಡರು ಹಾಡಿ ಉಳಿಸಿದಂಥ ಹಾಲಕ್ಕಿ ಸಮುದಾಯದ ಹಾಡುಗಳನ್ನು ಬಲ್ಲ ಅಜ್ಜಿಯಂದಿರು ಮನೆಯಲ್ಲಿದ್ದರೆ ದಯವಿಟ್ಟು ಕರೆತನ್ನಿ.

ಓದು ಹಿಂದೆ ಬೀಳುತ್ತದೆ ಎಂದು ಕೆಲವರು ಕಳವಳ ಪಟ್ಟಿದ್ದೀರಿ. ಪದ್ಯ ಕಟ್ಟುವುದು ಕನ್ನಡದ ಪಾಠವೇ, ಉಬ್ಬರ ಇಳಿತ ವಿಜ್ಞಾನದ ಪಾಠವೇ. ಉಳಿದ ತರಗತಿಗಳು ಎಂದಿನಂತೆ ನಡೆಯುತ್ತವೆ.

ವೇಷಕ್ಕಾಗಿ ಹೊಸದೇನನ್ನೂ ಕೊಳ್ಳಬೇಡಿ. ಹಳೆಯ ಸೀರೆ, ಹರಿದ ಬಲೆ ಸಾಕು. ಥರ್ಮೊಕೋಲ್, ಫ್ಲೆಕ್ಸ್ ಖಂಡಿತ ಬೇಡ. ಕೊನೆಗೆ ಹೊಳೆಗೇ ಹೋಗಿ ಸೇರುತ್ತವೆ.

ಇಳಿತದ ಹೊತ್ತಿನಲ್ಲಿ ಮಕ್ಕಳನ್ನು ಬಳಚಿನ ದಿಬ್ಬಕ್ಕೆ ಕರೆದೊಯ್ಯಲು ಒಪ್ಪಿಗೆ ಚೀಟಿ ಲಗತ್ತಿಸಿದೆ. ಸಹಿ ಮಾಡಿ ಸೋಮವಾರದೊಳಗೆ ಕಳುಹಿಸಿ. ಹೊಳೆಯ ಹರಿವು ಬಲ್ಲ ಕೆಲವು ಪೋಷಕರು ಜೊತೆಗೆ ಬಂದರೆ ಮಾತ್ರ ಹೊರಡುತ್ತೇವೆ. ಬರಬಲ್ಲವರು ಚೀಟಿಯ ಹಿಂದೆ ಹೆಸರು ಬರೆಯಿರಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ