ಭಾರಿ ಆಸ್ತಿಯ ವರ್ಗಾವಣೆಗೆ ತೆರಿಗೆ ಇರಲಿ

ಸಂಪತ್ತಿನ ಅಸಮಾನತೆಯ ಮಾತು ಬಂದಾಗಲೆಲ್ಲ ಚರ್ಚೆಯು ‘ಸಮಾಜವಾದವೋ, ಬಂಡವಾಳವಾದವೋ’ ಎಂಬ ಹಳೆಯ ಜಗಳಕ್ಕೆ ತಿರುಗಿ, ಮೂಲ ಪ್ರಶ್ನೆಯೇ ಹಿಂದೆ ಸರಿಯುತ್ತಿದೆ. 2022ರ ವಿಶ್ವ ಅಸಮಾನತೆ ವರದಿಯ ಪ್ರಕಾರ, ಜಗತ್ತಿನ ಶೇ 10ರಷ್ಟು ಸಿರಿವಂತರ ಬಳಿ ಒಟ್ಟು ಸಂಪತ್ತಿನ ಶೇ 76ರಷ್ಟಿದೆ. ಕೆಳಗಿನ ಅರ್ಧದಷ್ಟು ಜನರ ಪಾಲು ಶೇ 2 ಮಾತ್ರ. ದುಡಿಮೆಯಲ್ಲಿನ ವ್ಯತ್ಯಾಸವೊಂದೇ ಇಷ್ಟು ದೊಡ್ಡ ಅಂತರಕ್ಕೆ ಕಾರಣವಾಗಿರಲು ಸಾಧ್ಯವಿಲ್ಲ. ಸಂಬಳದಾರರ ತೆರಿಗೆಯು ಹಣ ಕೈಸೇರುವ ಮೊದಲೇ ಕಡಿತವಾಗುತ್ತದೆ. ಷೇರು, ಭೂಮಿಯ ಮೌಲ್ಯ ಎಷ್ಟೇ ಏರಿದರೂ ಮಾರುವವರೆಗೆ ಆ ಲಾಭಕ್ಕೆ ಸಾಮಾನ್ಯವಾಗಿ ತೆರಿಗೆಯಿಲ್ಲ. ಹೀಗೆ ಬೆಳೆದ ಆಸ್ತಿಯು ಹಲವು ದೇಶಗಳಲ್ಲಿ ತೆರಿಗೆಯ ಸೋಂಕಿಲ್ಲದೆ ಮಕ್ಕಳ ಹೆಸರಿಗೆ ದಾಟುತ್ತದೆ. ಹುಟ್ಟಿನಿಂದಲೇ ಸಿಕ್ಕ ಈ ಮುನ್ನಡೆಯನ್ನು ಪ್ರತಿಭೆಯ ಫಲವೆಂದು ಹೇಗೆ ಒಪ್ಪುವುದು?

ಉತ್ಪಾದನೆಯನ್ನೆಲ್ಲ ಸರ್ಕಾರದ ಹಿಡಿತದಲ್ಲಿಟ್ಟ ಸೋವಿಯತ್ ಒಕ್ಕೂಟ 1991ರಲ್ಲಿ ಕುಸಿಯಿತು; ಆ ದಾರಿ ಬೇಡ. ಆದರೆ ಅಮೆರಿಕದಲ್ಲಿ 1954ರಿಂದ 1963ರವರೆಗೆ ಆದಾಯ ತೆರಿಗೆಯ ಗರಿಷ್ಠ ದರ ಶೇ 91ರಷ್ಟಿತ್ತು. ವಿನಾಯಿತಿಗಳಿಂದಾಗಿ ಅಷ್ಟನ್ನು ಕಟ್ಟಿದವರು ಕಡಿಮೆ ಎಂಬುದು ನಿಜ, ಆದರೂ ಅಲ್ಲಿ ಉದ್ಯಮಗಳು ಬಾಗಿಲು ಹಾಕಲಿಲ್ಲ.

ವಾಸದ ಮನೆ, ಸಣ್ಣ ಹಿಡುವಳಿಗಳಿಗೆ ವಿನಾಯಿತಿ ಕೊಟ್ಟು, ನಿಗದಿತ ಮಿತಿ ಮೀರಿದ ಪಿತ್ರಾರ್ಜಿತ ಆಸ್ತಿಗೆ ಸರ್ಕಾರಗಳು ತೆರಿಗೆ ವಿಧಿಸಲಿ. ಆ ಹಣವನ್ನು ಶಾಲೆ ಮತ್ತು ಪ್ರಾಥಮಿಕ ಆರೋಗ್ಯಕ್ಕೇ ಮೀಸಲಿಟ್ಟು, ಲೆಕ್ಕವನ್ನು ಪ್ರತಿ ವರ್ಷ ಪ್ರಕಟಿಸಲಿ.