ಸರಕಾರವಿಲ್ಲದ ಊರಿನ ಬಗ್ಗೆ ಬರೆದ ತಮ್ಮನಿಗೆ

ಬದಿಯಡ್ಕ

ಪ್ರೀತಿಯ ತಮ್ಮಾ,

ಸರಕಾರವಿಲ್ಲದ ಸಮಾಜದ ಕುರಿತು ನೀನು ಕಳುಹಿಸಿದ ಪ್ರಬಂಧವನ್ನು ಎರಡು ಬಾರಿ ಓದಿದೆ. ಮೊದಲ ಓದಿಗೆ ಹುರುಪು ಬಂತು. ಎರಡನೆಯದಕ್ಕೆ ಪೆನ್ಸಿಲು ಕೈಗೆ ಬಂತು. ಸರಕಾರ ಬೇಡವೆನ್ನುವ ನಿನ್ನ ನಿಲುವಿನ ಬಗ್ಗೆ ನನಗೆ ತಕರಾರಿಲ್ಲ. ಬೇಕೆನ್ನುವವನಿಗೆ ಒಮ್ಮೆಯೂ ಬಾಯಿ ತೆರೆಯಲು ಬಿಡದೆ ನೀನು ಗೆದ್ದುಬಿಟ್ಟಿದ್ದೀಯಲ್ಲ, ತಕರಾರಿರುವುದು ಅದರ ಬಗ್ಗೆ.

ನಿನ್ನ ಉದಾಹರಣೆಗಳಲ್ಲೆಲ್ಲ ಗಟ್ಟಿಯಾದದ್ದು ನಮ್ಮ ತೋಡಿನ ಕಟ್ಟ, ಎಂದರೆ ಹಳ್ಳಕ್ಕೆ ಹಾಕುವ ಒಡ್ಡು. ಮಳೆ ನಿಂತು ನೀರಿನ ಸೆಳೆತ ಇಳಿದ ಮೇಲೆ ತೋಟದವರೆಲ್ಲ ಸೇರಿ ಕಲ್ಲು, ಮಣ್ಣು, ಸೊಪ್ಪು ಹಾಕಿ ತೋಡಿಗೆ ಅಡ್ಡ ಕಟ್ಟುವುದು, ತೋಟದ ಅಳತೆಗೆ ತಕ್ಕಂತೆ ಆಳು ಮತ್ತು ಖರ್ಚನ್ನು ಹಂಚಿಕೊಳ್ಳುವುದು, ತೋಟಕ್ಕೆ ಹರಿಯುವ ಕಣಿಯ (ಸಣ್ಣ ಕಾಲುವೆಯ) ನೀರನ್ನು ಸರದಿಯಂತೆ ಬಿಟ್ಟುಕೊಳ್ಳುವುದು, ಇದಕ್ಕೆ ಯಾವ ಇಲಾಖೆಯ ಮೊಹರೂ ಬೇಕಾಗಿರಲಿಲ್ಲ. ಪರಸ್ಪರ ಸಹಾಯವೇ ಸಮಾಜವನ್ನು ಹಿಡಿದು ನಿಲ್ಲಿಸುತ್ತದೆ ಎಂದು 1902ರ ತನ್ನ ಪುಸ್ತಕದಲ್ಲಿ ವಾದಿಸಿದ ರಷ್ಯಾದ ಚಿಂತಕ ಕ್ರೊಪೊಟ್ಕಿನ್ ಇದನ್ನು ಕಂಡಿದ್ದರೆ ಖಂಡಿತ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ. ಆದರೆ ನೀನು ಕಟ್ಟದ ಬಳಿ ನಿಂತು ನೋಡಿದ್ದೀಯೆ, ಕಣಿಯ ಕೊನೆಯವರೆಗೆ ನಡೆದುಹೋಗಿಲ್ಲ.

ನಾನು ಆ ಕೊನೆಯಿಂದ ಬಂದವನು. ನನ್ನ ಅಪ್ಪ ಚಾಲಗೇಣಿಯ ಒಕ್ಕಲು, ಎಂದರೆ ಧಣಿ ಬೇಡವೆಂದಾಗ ಭೂಮಿ ಬಿಟ್ಟೇಳಬೇಕಾದ ಗೇಣಿದಾರ. ಮಣ್ಣು ಹೊರುವವರ ಸಾಲಿನಲ್ಲಿ ಅವರು ಮೊದಲಿಗರು, ನೀರಿನ ಸರದಿಯಲ್ಲಿ ಕೊನೆಯವರು. ಮಾರ್ಚ್ ತಿಂಗಳ ಒಂದು ರಾತ್ರಿ ಲಾಟೀನು ಹಿಡಿದು ಅವರ ಹಿಂದೆ ಹೋಗಿದ್ದೆ. ಕಣಿಯಲ್ಲಿ ಪಾದ ತೋಯುವಷ್ಟೂ ನೀರಿರಲಿಲ್ಲ. ಮೇಲಿನ ತೋಟದ ಅಂಚಿನಲ್ಲಿ ಯಾರೋ ಅಡಿಕೆ ಹಾಳೆ ಅಡ್ಡವಿಟ್ಟು ಹಸಿ ಮಣ್ಣು ಮೆತ್ತಿದ್ದರು. ಅಪ್ಪ ಅದನ್ನು ನೋಡಿದರು, ಮುಟ್ಟಲಿಲ್ಲ. ಆ ತೋಟ ಧಣಿಗಳದ್ದು. ದೂರು ಕೊಡುವುದಿದ್ದರೆ ಅದನ್ನು ಕೇಳಬೇಕಾದವರೂ ಧಣಿಗಳೇ. ಆ ರಾತ್ರಿ ಅಲ್ಲಿ ಸರಕಾರ ಇರಲಿಲ್ಲ, ನಿಜ. ಆದರೆ ಆಳ್ವಿಕೆ ಇತ್ತು. ನಿನ್ನ ಪ್ರಬಂಧ ಇವೆರಡನ್ನೂ ಒಂದೇ ಎಂದು ತಿಳಿದು ಮುಂದೆ ಸಾಗುತ್ತದೆ.

1970ರ ಜನವರಿ 1ರಂದು ಕೇರಳದ ಭೂಸುಧಾರಣಾ ಕಾನೂನಿನಂತೆ ಧಣಿಗಳ ಹಕ್ಕು ಸರಕಾರಕ್ಕೆ ಸೇರಿ, ಗೇಣಿದಾರನಿಗೆ ಒಡೆತನ ಪಡೆಯುವ ದಾರಿ ತೆರೆಯಿತು. ಹಕ್ಕುಪತ್ರ ಕೈಗೆ ಬಂದ ಮರುಬೇಸಗೆಯಲ್ಲಿ ಅಪ್ಪ ಅಂಥದ್ದೇ ಹಾಳೆಯೊಂದನ್ನು ಹಗಲಿನಲ್ಲಿಯೇ ಕಿತ್ತು ದಂಡೆಗೆಸೆದರು.

ಇಷ್ಟು ಹೇಳಿದೆನೆಂದು ನನ್ನನ್ನು ಸರಕಾರದ ವಕೀಲನೆಂದು ತಿಳಿಯಬೇಡ. ಬೇಲಿಯೇ ಎದ್ದು ಹೊಲ ಮೇಯುವುದನ್ನು ನಮ್ಮಷ್ಟು ಹತ್ತಿರದಿಂದ ಕಂಡವರು ಕಡಿಮೆ. ಇದೇ ಕಾಸರಗೋಡು ಜಿಲ್ಲೆಯಲ್ಲಿ ಸರಕಾರಿ ಗೇರುತೋಟಗಳ ಮೇಲೆ ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಕಳ್ಳರಲ್ಲ. ಆದರೆ 2011ರಲ್ಲಿ ದೇಶದಾದ್ಯಂತ ಅದನ್ನು ತಡೆದದ್ದು ಸುಪ್ರೀಂ ಕೋರ್ಟು, ಎಂದರೆ ಅದೇ ಪ್ರಭುತ್ವದ ಇನ್ನೊಂದು ಕೈ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ನೋವನ್ನು ನೀನು ಚೆನ್ನಾಗಿ ಬರೆದಿದ್ದೀಯೆ. ಮಲಯಾಳದಲ್ಲಿ ಬಂದ ನೋಟೀಸನ್ನು ಹಿಡಿದುಕೊಂಡು, ಓದಿ ಹೇಳುವವರಿಗಾಗಿ ಕಚೇರಿಯೊಂದರ ಜಗಲಿಯಲ್ಲಿ ನಾನೂ ಕಾದಿದ್ದೇನೆ. ಆದರೆ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ತಾಯ್ನುಡಿಯಲ್ಲಿ ಸಿಗಬೇಕೆನ್ನುವ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದೂ ಅದೇ 1956ರ ತಿದ್ದುಪಡಿಯಲ್ಲಿ. ಗಡಿಯ ಗೆರೆಗಾಗಿ ಸರಕಾರವನ್ನು ಬಯ್ಯುವ ನೀನು ಕನ್ನಡ ಕಲಿತದ್ದು ಕನ್ನಡ ಶಾಲೆಯಲ್ಲಿ ಎಂಬುದನ್ನೂ ಅದೇ ಪುಟದಲ್ಲಿ ಬರೆ.

ಸೊಮಾಲಿಯಾದ ಪ್ಯಾರಾ ನಿಲ್ಲುವುದಿಲ್ಲ. 1991ರಲ್ಲಿ ಸರಕಾರ ಬಿದ್ದ ಮೇಲೂ ಅಲ್ಲಿ ಟೆಲಿಫೋನ್ ಕಂಪೆನಿಗಳು ಬೆಳೆದವು, ಸರಿ. ಮರುವರ್ಷದ ಕ್ಷಾಮದಲ್ಲಿ ಹಸಿದವರಿಗೆ ಬಂದ ಧಾನ್ಯವನ್ನು ಬಂದೂಕುಧಾರಿಗಳು ದೋಚಿದ್ದನ್ನು ಬಿಟ್ಟದ್ದೇಕೆ? ಇನ್ನು 'ಅರಾಜಕತೆ' ಎಂಬ ಮಾತು. ಪತ್ರಿಕೆಗಳು ಅದನ್ನು ಗಲಭೆ ಎಂಬರ್ಥದಲ್ಲಿ ಸವೆಸಿಬಿಟ್ಟಿವೆ. ನಿನಗೆ ಬೇಕಾದ ಅರ್ಥವನ್ನು ಮೊದಲ ಪುಟದಲ್ಲಿಯೇ ಹೇಳಿಬಿಡು. ಶಾಂತಿಪರ್ವದಲ್ಲಿ ಭೀಷ್ಮ, ಮೊದಲು ರಾಜ್ಯವೂ ಇರಲಿಲ್ಲ, ರಾಜನೂ ಇರಲಿಲ್ಲ, ದಂಡವೂ ಇರಲಿಲ್ಲ, ಪ್ರಜೆಗಳು ಧರ್ಮದಿಂದಲೇ ಒಬ್ಬರನ್ನೊಬ್ಬರು ಕಾಯುತ್ತಿದ್ದರು ಎನ್ನುತ್ತಾನೆ. ರಾಜನಿಲ್ಲದಿದ್ದರೆ ದೊಡ್ಡ ಮೀನು ಸಣ್ಣದನ್ನು ನುಂಗುವಂತಾಗುತ್ತದೆ ಎನ್ನುವವನೂ ಅವನೇ. ನೀನು ಮೊದಲನೆಯದನ್ನು ಮಾತ್ರ ಎತ್ತಿಕೊಂಡಿದ್ದೀಯೆ.

ತಿದ್ದುವಾಗ ಒಂದು ಕೆಲಸ ಮಾಡು. ಎದುರು ವಾದವನ್ನು ಒಂದು ವಾರ ನಿನ್ನದೇ ಎಂದುಕೊಂಡು ಬರೆ. ನಿನ್ನ ನಿಲುವು ನಿನಗೇ ಅಲುಗಾಡುವಷ್ಟು ಚೆನ್ನಾಗಿ ಬರೆ. ಆಮೇಲೂ ಸರಕಾರ ಬೇಡವೆಂದೇ ತೋರಿದರೆ, ಕಣಿಯ ಬಾಯಿಗೆ ಮಣ್ಣು ಮೆತ್ತಿದವನನ್ನು ಯಾರು ಕೇಳಬೇಕು, ಅವನು ಕೇಳದಿದ್ದರೆ ಏನು ಮಾಡಬೇಕು ಎಂಬುದಕ್ಕೆ ಉತ್ತರ ಕೊಡು. ಆ ಉತ್ತರ ನನಗೂ ಬೇಕಾಗಿದೆ.

ಪಂಪುಸೆಟ್ಟು ಬಂದ ಮೇಲೆ ಕಟ್ಟಗಳು ಕಡಿಮೆಯಾಗಿವೆ, ಆದರೂ ನಮ್ಮಲ್ಲಿ ಒಂದು ಉಳಿದಿದೆ. ಡಿಸೆಂಬರಿನಲ್ಲಿ ಎರಡು ದಿನದ ಮಟ್ಟಿಗೆ ಬಾ. ಬರುವ ಮುಂಚೆ ಒಂದು ಕಾಗದ ಹಾಕಿದರೆ ನಿನಗೂ ಒಂದು ಹಾರೆ ತೆಗೆದಿಟ್ಟಿರುತ್ತೇನೆ.

ಇಂತು,
ನಿನ್ನ ಅಣ್ಣ